ಅಕ್ಕನಿಗೂ ನನಗೂ ಒಂದೇ ಐಡಿ

ಮೊನ್ನೆ ಸೋಮವಾರ ನನ್ನ ಹೊಸ ಫೋನಿನಲ್ಲಿ 'ತಮ್ಮ' ಎಂಬ ಹೆಸರು ಕಾಣಿಸಿಕೊಂಡಿತು.

ನನಗೆ ತಮ್ಮಂದಿರಿಲ್ಲ. ಒಬ್ಬಳು ಅಕ್ಕ, ಆಮೇಲೆ ನಾನು, ಅಲ್ಲಿಗೆ ಮುಗಿಯಿತು. ಹಾಗಿರುವಾಗ ಐವತ್ತೆಂಟನೇ ವಯಸ್ಸಿನಲ್ಲಿ ಈ ತಮ್ಮ ಎಲ್ಲಿಂದ ಬಂದ? ಒತ್ತಿದೆ. ಬ್ಯುಸಿ. ಕಾಫಿ ಕುಡಿದು ಮತ್ತೆ ಒತ್ತಿದೆ. ಮತ್ತೂ ಬ್ಯುಸಿ. ಯಾರ ಹತ್ತಿರ ಇಷ್ಟು ಹೊತ್ತು ಹರಟುತ್ತಾನೆ ಈ ಪುಣ್ಯಾತ್ಮ ಎಂದು ನಂಬರ್ ತೆಗೆದು ನೋಡಿದರೆ, ನನ್ನದೇ ನಂಬರು!

(ನಗುವವರು ನಗಬಹುದು. ನನ್ನ ಹೆಂಡತಿ ಸುಮ ಇನ್ನೂ ನಿಲ್ಲಿಸಿಲ್ಲ.)

ಆ ತಮ್ಮನ ಹಿಂದೆ ಮುಂದೆ ಇನ್ನೂ ಯಾರ್ಯಾರೋ ಇದ್ದರು. 'ಮೀನಿನ ಗಾಡಿ'. 'ಬಳೆ ಜಮೀಲ'. 'ಭಜನೆ ಶಾರದ'. 'ಗಿರಣಿ ರಿಪೇರಿ'. ನಾನು ಭಜನೆಗೆ ಹೋಗುವವನಲ್ಲ, ಬಳೆಯಂತೂ ತೊಡುವುದಿಲ್ಲ. ಗಿರಣಿ ಎಂದು ಕಂಡ ಮೇಲೆ ತಲೆ ಓಡಿತು. ನಮ್ಮ ಪೈಕಿ ಹಿಟ್ಟಿನ ಗಿರಣಿ ಇರುವುದು ಒಂದೇ ಮನೆಯಲ್ಲಿ, ಮೇಗುಂದದ ನನ್ನ ಅಕ್ಕ ಲಲಿತಳ ಮನೆಯಲ್ಲಿ.

(ಜೇನುತುಪ್ಪ ನಿಲ್ಲಿಸಿದ ಅಕ್ಕ ಎಂದರೆ ನಿಮಗೆ ನೆನಪಾಗಬಹುದು. ಪ್ರತಿವರ್ಷ ಬರುತ್ತಿದ್ದ ಎರಡು ಬಾಟಲಿ ಜೇನು ಈಗ ಬರುತ್ತಿಲ್ಲ, ವಯಸ್ಸಾದ ಹಾಗೆ ಅಕ್ಕನ ಕೈ ಬಿಗಿಯಾಗುತ್ತಿದೆ ಎಂದು ಹೋದ ವರ್ಷ ಇದೇ ಜಾಗದಲ್ಲಿ ಬರೆದಿದ್ದೆ. ನರಸಿಂಹರಾಜಪುರದ ಓದುಗರೊಬ್ಬರು ಪಾಪ ಎನಿಸಿ ಒಂದು ಬಾಟಲಿ ಕಳಿಸಿಯೂ ಇದ್ದರು.)

ಅಕ್ಕನ ಫೋನಿನಲ್ಲಿದ್ದ ಹೆಸರುಗಳು ನನ್ನ ಫೋನಿಗೆ ಬಂದದ್ದು ಹೇಗೆ? ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಜಯಪುರದಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡಿರುವ ನಾನು ಸಿರಿಮನೆ ಜಲಪಾತ ನೋಡಬೇಕಾದರೆ ಮನೆಗೆ ನೆಂಟರೇ ಬರಬೇಕು. ಎರಡು ತಿಂಗಳ ಹಿಂದೆ ಮಗಳ ನಿಶ್ಚಿತಾರ್ಥವಾಯಿತು. ಆ ಬೀಗರು ಹೋದ ವಾರ ಬಂದಿದ್ದರು, ಕರೆದುಕೊಂಡು ಹೋದೆ. ಬಗ್ಗಿ ಮುಖ ತೊಳೆಯುವಾಗ ಅಂಗಿ ಜೇಬಿನಲ್ಲಿದ್ದ ಫೋನು ಜಾರಿ ನೀರಿಗೆ ಬಿತ್ತು. ಎತ್ತಿ, ಒರೆಸಿ, ಎರಡು ದಿನ ಅಕ್ಕಿ ಡಬ್ಬದಲ್ಲಿ ಮಲಗಿಸಿದೆವು. ಏಳಲಿಲ್ಲ.

ಫೋನು ಹೋದರೆ ಹೋಗಲಿ, ಒಳಗಿದ್ದದ್ದು? ನಿಶ್ಚಿತಾರ್ಥದ ಫೋಟೋ, ಗಿರಾಕಿಗಳು ಒಪ್ಪಿದ ಮದುವೆ ಕಾಗದದ ಮಾದರಿ, ನಾಲ್ಕು ವರ್ಷದ ಸಮಸ್ತವೂ ಅದರಲ್ಲಿತ್ತು. ಸೋಮವಾರ ಬೆಳಿಗ್ಗೆಯೇ ಬಸ್ ಸ್ಟ್ಯಾಂಡ್ ಹತ್ತಿರದ ನಜೀರ್ ಭಾಯಿಯ ಮೊಬೈಲ್ ಅಂಗಡಿಗೆ ಓಡಿದೆ.

"ಟೆನ್ಷನ್ ಎಂತಕ್ಕೆ ಸಾರ್? ಡಾಟಾ ಎಲ್ಲ ಕ್ಲೌಡಲ್ಲಿ ಇರ್ತದೆ. ಫೋನು ಸತ್ರೂ ಅದು ಸಾಯಲ್ಲ" ಎಂದರು ಅವರು.

ಯಾವುದೋ ಪ್ರವಚನದಲ್ಲಿ ಆತ್ಮದ ಬಗ್ಗೆ ಹೀಗೇ ಕೇಳಿದ್ದೆ. "ಐಡಿ, ಪಾಸ್‌ವರ್ಡ್ ಹೇಳಿ" ಎಂದರು. ನನಗೇನು ಗೊತ್ತು? ನಮ್ಮ ಕಡೆ ಐಡಿ ಮಾಡುವವರು ನಾವಲ್ಲ, ಫೋನ್ ಮಾರುವವರು. ನಜೀರ್ ಭಾಯಿ ಡ್ರಾಯರಿನಿಂದ ಒಂದು ಉದ್ದದ ನೋಟ್‌ಬುಕ್ ತೆಗೆದರು. ಅರ್ಧ ಜಯಪುರದ ಐಡಿ, ಪಾಸ್‌ವರ್ಡ್ ಅದರಲ್ಲಿದೆ. "ಬ್ಯಾಂಕಿಂದು ಬರ್ಕೊಳ್ಳಲ್ಲ ಸಾರ್. ಇದು ಬರ್ದಿಡದಿದ್ರೆ ನಿಮಗೇ ಕಷ್ಟ" ಎಂದರು. (ಸೈಬರ್ ತಜ್ಞರು ಈ ಪ್ಯಾರಾ ಓದಬಾರದು.)

ಪಾಸ್‌ವರ್ಡ್ ಹಾಕಿದ ಮೇಲೂ ಹೊಸ ಫೋನಿಗೆ ಸಮಾಧಾನವಿಲ್ಲ. ನಿಮ್ಮ ಇನ್ನೊಂದು ಫೋನಿಗೆ ಸಂದೇಶ ಕಳಿಸಿದ್ದೇವೆ, ಅಲ್ಲಿ 'ಹೌದು' ಒತ್ತಿ ಎಂದಿತು. ಇನ್ನೊಂದು ಫೋನು ಅಕ್ಕಿ ಡಬ್ಬದಲ್ಲಿದೆ. ಸತ್ತ ಫೋನು ಹೌದು ಎನ್ನುವುದು ಹೇಗೆ? ಅಷ್ಟರಲ್ಲಿ ಪರದೆಯ ಮೇಲೆ ಟಿಕ್ ಮಾರ್ಕ್ ಬಿತ್ತು. ಎಲ್ಲೋ ಯಾರೋ 'ಹೌದು' ಎಂದಿದ್ದರು!

"ಆಯ್ತಲ್ಲ ಸಾರ್, ಬಿಡಿ" ಎಂದರು ನಜೀರ್ ಭಾಯಿ. ಆದ ಕೆಲಸಕ್ಕೆ ಕಾರಣ ಕೇಳುವ ಅಭ್ಯಾಸ ನಮ್ಮಿಬ್ಬರಿಗೂ ಇಲ್ಲ. ಫೋಟೋಗಳೆಲ್ಲ ಬರಲು ಸಂಜೆಯಾಗುತ್ತದೆ ಎಂದರು. ಮನೆಗೆ ಬಂದೆ. ಆಗ ಸಿಕ್ಕಿದವನೇ ಮೇಲೆ ಹೇಳಿದ 'ತಮ್ಮ'.

ಕೂತು ಯೋಚಿಸಿದಾಗ ನೆನಪಾಯಿತು. ನಾಲ್ಕು ವರ್ಷದ ಹಿಂದೆ ಅಕ್ಕನಿಗೆ ಮೊದಲ ಸ್ಮಾರ್ಟ್‌ಫೋನ್ ಕೊಡಿಸಿದವನು ನಾನೇ. ಇದೇ ಅಂಗಡಿ. "ಹೊಸ ಐಡಿ ಮಾಡ್ಲಾ ಸಾರ್?" ಎಂದು ನಜೀರ್ ಭಾಯಿ ಕೇಳಿದ್ದರು. "ಎಂತಕ್ಕೆ ಮಾರಾಯ್ರೆ? ಅಕ್ಕ ತಮ್ಮಂಗೆ ಎರಡೆರಡು ಯಾಕೆ? ನಂದೇ ಹಾಕಿ" ಎಂದಿದ್ದೆ. ನಾವು ಹಾಗೇ ಅಲ್ಲವೇ? ಒಂದು ಪೇಪರಿನಲ್ಲಿ ಮೂರು ಮನೆ ಸುದ್ದಿ ಓದುತ್ತದೆ. ಒಂದು ಏಣಿ ಇಡೀ ಕೇರಿ ಸುತ್ತುತ್ತದೆ. ಐಡಿಯೂ ಏಣಿಯ ಹಾಗೆ ಎಂದುಕೊಂಡಿದ್ದೆ.

ಹಳೆಯ ಫೋನಿನಲ್ಲಿ ನನ್ನ ನಂಬರುಗಳೆಲ್ಲ ಸಿಮ್‌ನಲ್ಲಿದ್ದವು, ಅದು ತೋರಿಸುತ್ತಿದ್ದದ್ದೂ ಅವನ್ನೇ. ಫೋಟೋ ನೋಡುತ್ತಿದ್ದದ್ದು ಆ ಫೋನಿನದೇ ಗ್ಯಾಲರಿಯಲ್ಲಿ ಮಾತ್ರ. ಹಾಗಾಗಿ ಕ್ಲೌಡಿನಲ್ಲಿ ನಾನೂ ಅಕ್ಕನೂ ಒಂದೇ ಮನೆಯಲ್ಲಿದ್ದೇವೆ ಎಂಬುದು ನಾಲ್ಕು ವರ್ಷ ನನಗೆ ಗೊತ್ತೇ ಆಗಲಿಲ್ಲ.

ಸಂಜೆ ಫೋಟೋಗಳು ಬರತೊಡಗಿದವು. ನನ್ನದೂ ಅಕ್ಕನದೂ ಕಲಸಿಕೊಂಡು, ತಾರೀಖಿನ ಪ್ರಕಾರ. ಮದುವೆ ಕಾಗದ, ಹಪ್ಪಳ, ಮದುವೆ ಕಾಗದ, ಹಿಟ್ಟಿನಲ್ಲಿ ಬಿದ್ದು ಬೆಳ್ಳಗಾದ ಗಿರಣಿಯ ಬೆಕ್ಕು. ನಗುತ್ತಾ ಹಿಂದೆ ಹೋಗುತ್ತಿದ್ದೆ. ನಿಶ್ಚಿತಾರ್ಥಕ್ಕಿಂತ ಹತ್ತು ದಿನ ಹಿಂದೆ ಶಿವಮೊಗ್ಗದ ಆಸ್ಪತ್ರೆಯೊಂದರ ಚೀಟಿ ಇತ್ತು. ಹೆಸರು ಲಲಿತ, ವಯಸ್ಸು ಅರವತ್ತಮೂರು. ಪಕ್ಕದಲ್ಲಿ ಕುತ್ತಿಗೆಯ ಸ್ಕ್ಯಾನ್ ರಿಪೋರ್ಟು. ಗಡ್ಡೆ ಇದೆ, ಆಪರೇಷನ್ ಆಗಬೇಕು, ತಡ ಮಾಡಬಾರದು. ಅಡ್ಮಿಟ್ ಆಗಬೇಕಾದ ತಾರೀಖು ಬರೆದು, ಡಾಕ್ಟರು ಪೆನ್ನಿನಲ್ಲಿ ಸುತ್ತ ಗೆರೆ ಎಳೆದಿದ್ದರು.

ಆ ತಾರೀಖಿನ ಫೋಟೋಗೆ ಹೋದೆ. ನಾನೇ ತೆಗೆದದ್ದು, ನಿಶ್ಚಿತಾರ್ಥದ ಹಿಂದಿನ ದಿನ. ನಮ್ಮ ಮನೆಯ ಜಗಲಿಯಲ್ಲಿ ಕೂತು ಅಕ್ಕ ಹೂ ಕಟ್ಟುತ್ತಿದ್ದಾಳೆ. ಕುತ್ತಿಗೆಗೆ ಶಾಲು ಸುತ್ತಿಕೊಂಡಿದ್ದಾಳೆ. "ಎಂತ ಅಕ್ಕ, ಈ ಸೆಕೇಲಿ ಶಾಲು? ಬೀಗ್ರಿಗೆ ಸ್ಟೈಲ್ ತೋರ್ಸಕ್ಕಾ?" ಎಂದು ಅವತ್ತು ನಾಲ್ಕು ಜನರ ಎದುರು ತಮಾಷೆ ಮಾಡಿದ್ದೆ. ಅವಳೂ ನಕ್ಕಿದ್ದಳು.

ಆಮೇಲಿನ ಎರಡು ತಿಂಗಳ ಫೋಟೋಗಳನ್ನೆಲ್ಲ ತಿರುವಿ ಹಾಕಿದೆ. ಹಪ್ಪಳವಿತ್ತು, ಬೆಕ್ಕಿತ್ತು, ಆಸ್ಪತ್ರೆ ಎಲ್ಲೂ ಇರಲಿಲ್ಲ. ಅಕ್ಕ ಹೋಗಿಯೇ ಇಲ್ಲ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಆದರೆ ಕೇಳುವುದು ಹೇಗೆ? ನಿನ್ನ ಫೋಟೋ ನೋಡಿದೆ ಎನ್ನಬೇಕು. ಕದ್ದು ನೋಡಿದ ಹಾಗಾಗಲಿಲ್ಲವೇ?

ಆದರೆ ಆಗಲಿ ಎಂದು ಮರುದಿನ ಬೆಳಿಗ್ಗೆ ಮೇಗುಂದಕ್ಕೆ ಹೋದೆ. ಭಾವ ಗಿರಣಿಯಲ್ಲಿದ್ದರು. ಅಕ್ಕ ಅಡುಗೆಮನೆಯಲ್ಲಿ ರೊಟ್ಟಿ ಬೇಯಿಸುತ್ತಿದ್ದಳು.

"ಅಕ್ಕ, ನಿನ್ನೆ ಬೆಳಿಗ್ಗೆ ನಿನ್ನ ಫೋನಲ್ಲಿ ಎಂತಾದ್ರೂ ಬಂತಾ?"

"ಬಂತು ಮಾರಾಯ. ಇದು ನೀವೇನಾ ಅಂತ ಕೇಳ್ತು. ನಾನಲ್ದೆ ಮತ್ಯಾರು? ಹೌದು ಅಂತ ಒತ್ತಿದೆ."

ಹೀಗೆ ಅಕ್ಕ ತನ್ನ ಕೈಯಾರೆ ಬಾಗಿಲು ತೆಗೆದಿದ್ದಳು. ನಾನು ನನ್ನ ಫೋನಿನಲ್ಲಿ ಆ ಚೀಟಿಯ ಫೋಟೋ ತೆರೆದು ಅವಳ ಮುಂದೆ ಹಿಡಿದೆ. ಒಮ್ಮೆ ನೋಡಿ ಮತ್ತೆ ಕಾವಲಿಯ ಕಡೆ ತಿರುಗಿದಳು.

"ಭಾವಂಗೆ ಗೊತ್ತಾ?"

"ಗೊತ್ತು. ನಿಮ್ಮನೇಲಿ ಯಾರಿಗಾದ್ರೂ ಹೇಳಿದ್ರೆ ನಾನು ಆಸ್ಪತ್ರೆ ಕಡೆ ತಲೆನೇ ಹಾಕಲ್ಲ ಅಂತ ಹೆದ್ರಿಸಿಟ್ಟಿದೀನಿ."

"ಹೇಳದಿದ್ರೂ ಹೋಗ್ಲಿಲ್ವಲ್ಲ?"

"ಹೆಂಗೆ ಹೋಗದು? ಹುಡ್ಗಿ ನಿಶ್ಚಿತಾರ್ಥ ಇಟ್ಕಂಡು ಸೋದರತ್ತೆ ಆಸ್ಪತ್ರೇಲಿ ಮಲಗಿದ್ರೆ ಬೀಗ್ರು ಎಂತ ಅಂದ್ಕಳಲ್ಲ? ಮದ್ವೆ ಒಂದು ಮುಗೀಲಿ ಅಂತ ಬಿಟ್ಟೆ."

ಮದುವೆ ಇರುವುದು ಇನ್ನು ಐದು ತಿಂಗಳಿಗೆ. ನನಗೆ ಸಿಟ್ಟು ನೆತ್ತಿಗೇರಿತು. "ಕುತ್ತಿಗೇಲಿ ಗಡ್ಡೆ ಇಟ್ಕಂಡು ಮದ್ವೆಗೆ ಕಾಯ್ತೀಯಾ? ಒಡಹುಟ್ಟಿದವನ ಹತ್ರನೂ ಮುಚ್ಚಿಡದಾ? ಬಾಯ್ಬಿಟ್ಟು ಒಂದು ಮಾತು ಹೇಳಿದ್ರೆ ಗಂಟು ಹೋಗ್ತಿತ್ತಾ?" ಎಂದು ಕೂಗಾಡಿದೆ.

ಅಕ್ಕ ಒಲೆ ಆರಿಸಿದಳು. ಸೆರಗಿಗೆ ಕೈ ಒರೆಸಿಕೊಂಡು ತನ್ನ ಫೋನ್ ತೆಗೆದಳು. ಬೆರಳಿನಲ್ಲಿ ತಳ್ಳುತ್ತಾ, ತಳ್ಳುತ್ತಾ ಒಂದು ವರ್ಷ ಹಿಂದಕ್ಕೆ ಹೋದಳು. ನನ್ನ ಮುಂದೆ ಹಿಡಿದಳು.

"ಇದೆಂತ ಹಾಗಾದ್ರೆ?"

ಅದು ನನ್ನ ಬ್ಲಡ್ ಶುಗರ್ ರಿಪೋರ್ಟು.

ಈಗ ನಿಮ್ಮ ಹತ್ತಿರವೂ ಒಂದು ವಿಷಯ ಒಪ್ಪಿಕೊಳ್ಳಬೇಕು. ಹೋದ ವರ್ಷ ಕೊಪ್ಪದಲ್ಲಿ ಪರೀಕ್ಷೆಗೆ ರಕ್ತ ಕೊಟ್ಟಿದ್ದೆ. ಸಕ್ಕರೆ ಇತ್ತು, ಸ್ವಲ್ಪವಲ್ಲ. ಗುಳಿಗೆ ಶುರು ಮಾಡಿ ಎಂದರು ಡಾಕ್ಟರು. ಸುಮ ಕೇಳಿದಾಗ "ಎಲ್ಲ ನಾರ್ಮಲ್" ಎಂದೆ. ಕಾಗದ ಅವಳ ಕೈಗೆ ಸಿಗಬಾರದೆಂದು ಲ್ಯಾಬಿನ ಕಸದ ಬುಟ್ಟಿಗೇ ಹರಿದು ಹಾಕಿ ಬಂದಿದ್ದೆ. (ಇರಲಿ ಎಂದು ಮೊದಲು ಒಂದು ಫೋಟೋ ಹೊಡೆದುಕೊಂಡಿದ್ದೆ. ಬುದ್ಧಿವಂತ!) ವಾಕಿಂಗ್ ಮಾಡಿ ಇಳಿಸಿಬಿಡುತ್ತೇನೆ ಎಂದು ಹೊರಟೆ. ವಾಕಿಂಗ್ ಒಂಬತ್ತು ದಿನ ನಡೆಯಿತು.

"ಬೇಕಂತ ನೋಡಿದ್ದಲ್ಲ. ನಜೀರ್ ಹೇಳ್ಕೊಟ್ಟ ಫೋಟೋ ಆ್ಯಪಲ್ಲಿ ದಿನಾ ಬರ್ತದೆ. ನಿನ್ನ ಮದ್ವೆ ಕಾಗದನೂ ಬರ್ತದೆ, ಇದೂ ಬಂತು. ನಂದೂ ನಿಂಗೆ ಕಾಣ್ತದೆ ಅಂತ ಗೊತ್ತಿರ್ಲಿಲ್ಲ" ಎಂದಳು ಅಕ್ಕ. "ಜೇನು ಯಾಕೆ ನಿಲ್ಲಿಸ್ದೆ ಅಂದ್ಕಂಡೆ? ಕೈ ಬಿಗಿ ಅಂತ ಪೇಪರಲ್ಲಿ ಬರ್ದೆ. ಬರ್ಕಳ್ಲಿ ಅಂತ ಸುಮ್ನಿದ್ದೆ. ಆ ಎನ್.ಆರ್. ಪುರದವ್ರು ಕಳಿಸಿದ ಬಾಟ್ಲಿ ಎಲ್ಲೋಯ್ತು ಹೇಳು?"

ಎಲ್ಲೋಯ್ತು? ಇರುವೆ ಹತ್ತಿತು ಎಂದು ಸುಮ ಹೇಳಿದ್ದಳು.

"ಇರುವೆ ಅಲ್ಲ, ನಾನು ಫೋನ್ ಮಾಡಿ ಎತ್ತಿಡ್ಸಿದ್ದು."

"ಅಂದ್ರೆ ಸುಮಂಗೂ ಗೊತ್ತಾ?"

"ಮತ್ತೆ? ನಿನ್ನ ಕಾಫಿಗೆ ಸಕ್ಕರೆ ಕಮ್ಮಿ ಮಾಡ್ದೋರು ಯಾರು? ನೀನು ಹಾಲು ಸರಿ ಇಲ್ಲ ಅಂತ ಹಾಲಿನವ್ರಿಗೆ ಬೈತಿದ್ದೆಯಂತೆ."

ಬೈದದ್ದು ನಿಜ. (ಹಾಲಿನವರು ಕ್ಷಮಿಸಬೇಕು.) ಒಂದು ವರ್ಷ ಕಷ್ಟಪಟ್ಟು ನಾನು ಗುಟ್ಟು ಕಾಪಾಡಿದ್ದು ಯಾರಿಂದ? ಗೊತ್ತಿಲ್ಲದವರು ನನ್ನ ಮನೆಯಲ್ಲಿ ಒಬ್ಬರಾದರೂ ಇದ್ದರೇ?

"ಗೊತ್ತಿದ್ದೂ ಯಾಕೆ ಕೇಳ್ಲಿಲ್ಲ ಅಕ್ಕ?"

"ಕೇಳಿದ್ರೆ ನಿಂಗೆ ನಾಚ್ಕೆ ಆಗ್ತಿತ್ತು. ಇವತ್ತಲ್ಲ ನಾಳೆ ನೀನೇ ಹೇಳ್ತೀಯ ಅಂತ ಕಾದೆ."

ಆ ಮಾತಿಗೆ ನನ್ನ ಕಣ್ಣಲ್ಲಿ ನೀರು ಬಂತು. ಕೂಗಾಡಿದ್ದೆಲ್ಲ ಎಲ್ಲಿಗೆ ಹೋಯಿತೋ. ರೊಟ್ಟಿಗೆ ಚಟ್ನಿ ಹಾಕಿ ತಟ್ಟೆ ಮುಂದಿಟ್ಟಳು, ತಿಂದೆ.

ನಾವು ಯಾವ ಥರದ ಜನ? ಕೊಪ್ಪದಿಂದ ಶೃಂಗೇರಿಗೆ ಹೋಗುವಷ್ಟರಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರಿಗೆ ಮಗಳ ಜಾತಕ, ಅಳಿಯನ ಕೆಲಸ, ಬಾವಿಯ ಆಳ ಎಲ್ಲ ಹೇಳಿ ಮುಗಿಸುತ್ತೇವೆ. ಮೈಗೆ ಹೇಗಿದೆ ಎಂದು ಮನೆಯವರೇ ಕೇಳಿದರೆ "ಎಂತಾಗಿದೆ? ಆರಾಮ್" ಎನ್ನುತ್ತೇವೆ. ಅವರಿಗೆ ಯಾಕೆ ತಲೆಬಿಸಿ ಎಂಬ ಪ್ರೀತಿಯೇ ಅದು, ಒಪ್ಪುತ್ತೇನೆ. ಆದರೆ ಆ ಪ್ರೀತಿಯಲ್ಲಿ ಅಕ್ಕನ ಎರಡು ತಿಂಗಳು ಹೋಯಿತು. ನನ್ನ ಒಂದು ವರ್ಷ ಹೋಯಿತು.

ಕೊನೆಗೆ ಒಂದು ಒಪ್ಪಂದವಾಯಿತು. "ನೀ ಇವತ್ತಿಂದ ಗುಳಿಗೆ ನುಂಗು, ನಾ ಶಿವಮೊಗ್ಗಕ್ಕೆ ಹೊರಡ್ತೀನಿ" ಎಂದಳು ಅಕ್ಕ. ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿದೆ. ಬರುವ ಗುರುವಾರ ಆಪರೇಷನ್. ಗಡ್ಡೆ ಯಾವ ಥರದ್ದು ಎಂಬುದು ತೆಗೆದ ಮೇಲೆ ಗೊತ್ತಾಗುತ್ತದಂತೆ. ಭಾವ ಗಿರಣಿ ನಿಲ್ಲಿಸಿ ಒಳಗೆ ಬಂದರು, ಅಕ್ಕ ಹೊರಡಲು ಒಪ್ಪಿದ್ದು ತಿಳಿದು "ಅಬ್ಬ" ಎಂದು ಅಲ್ಲೇ ಕೂತುಬಿಟ್ಟರು.

ನಜೀರ್ ಭಾಯಿಗೆ ಹೇಳಿದೆ. ಪಾಪ, ಅವರಿಗೆ ಬೇಜಾರಾಯಿತು. "ಐಡಿ ಬೇರೆ ಮಾಡ್ಕೊಡ್ತೀನಿ ಸಾರ್, ಹತ್ತು ನಿಮಿಷದ ಕೆಲ್ಸ. ಹಿಂಗೆ ಒಂದರಲ್ಲೇ ಇಟ್ಕಳದು ಸೇಫ್ ಅಲ್ಲ" ಎಂದರು. ಅವರು ಹೇಳುವುದು ಸರಿ, ನೀವೂ ನಮ್ಮ ಹಾಗೆ ಮಾಡಬೇಡಿ. ನಾನು ಮಾತ್ರ ಗುರುವಾರ ಕಳೆಯಲಿ ಎಂದಿದ್ದೇನೆ.

ದಿನಾ ಬೆಳಿಗ್ಗೆ ಗುಳಿಗೆ ನುಂಗಿ ಖಾಲಿಯಾದ ಶೀಟಿನ ಫೋಟೋ ತೆಗೆಯುತ್ತೇನೆ. ಯಾರಿಗೂ ಕಳಿಸುವುದಿಲ್ಲ, ತಾನಾಗಿ ಮೇಗುಂದಕ್ಕೆ ಹೋಗುತ್ತದೆ. ನಿನ್ನೆ ಆ ಕಡೆಯಿಂದಲೂ ಒಂದು ಫೋಟೋ ಬಂತು. ಆಸ್ಪತ್ರೆಗೆ ಕಟ್ಟಿಟ್ಟ ಚೀಲ, ಫ್ಲಾಸ್ಕು, ಟವೆಲು, ಮೇಲೆ ಮಡಚಿಟ್ಟ ಅದೇ ಶಾಲು.

ಪಾಸ್‌ವರ್ಡನ್ನು ಯಾರಿಗೂ ಹೇಳಬೇಡಿ ಎಂದು ದಿನಕ್ಕೆ ಹತ್ತು ಮೆಸೇಜು ಬರುತ್ತವೆ. ಸರಿ, ಹೇಳುವುದಿಲ್ಲ. ಕಾಯಿಲೆಯನ್ನೂ ಹೇಳಬೇಡಿ ಎಂದು ನಮಗೆ ಯಾರು ಮೆಸೇಜ್ ಕಳಿಸಿದ್ದರು?