‘ಲಾ’ ಹೋಗಿ ‘ಸಾ’ ಬಂತು

ನನ್ನ ಗಂಡ ಫುಟ್‌ಬಾಲ್ ಆಡುವುದನ್ನು ಹಾಸನದಲ್ಲಿ ನೋಡದವರೇ ಇರಲಿಲ್ಲವಂತೆ. ಹೋಟೆಲಿನವನು ನೋಡಿದ್ದ, ದರ್ಜಿ ನೋಡಿದ್ದ. ಆಟವೆಂದರೆ ಮೂಗು ಮುರಿಯುತ್ತಿದ್ದ ನಮ್ಮ ಮಾವನವರು ಕೂಡ ಸೈಕಲ್ ನಿಲ್ಲಿಸಿ ಒಂದು ಗಳಿಗೆ ನೋಡಿ, ಯಾರಿಗೂ ಹೇಳದೆ ಮನೆಗೆ ಬರುತ್ತಿದ್ದರಂತೆ. ನೋಡದೆ ಉಳಿದವಳು ನಾನೊಬ್ಬಳು. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ, ಯಾರ ಮೇಲೆ ಅನ್ನುವುದು ಮಾತ್ರ ತಿಳಿಯುವುದಿಲ್ಲ.

ನನ್ನ ತೌರು ಚನ್ನರಾಯಪಟ್ಟಣ. ಅಪ್ಪ ಅಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಐವತ್ತರ ದಶಕದ ನಡುವಿನಲ್ಲಿ ನನ್ನ ಮದುವೆಯಾಯಿತು. ಹುಡುಗ ಹಾಸನದವನು, ಓದಿದ್ದಾನೆ, ದಿನಾ ವ್ಯಾಯಾಮ ಮಾಡುತ್ತಾನೆ ಎಂದು ಸಂಬಂಧ ತಂದವರು ಹೇಳಿದ್ದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ನಮ್ಮದು ಅರ್ಧ ಸುಳ್ಳಿಗೇ ಮುಗಿದಿತ್ತು. ಅವರು ಹಾಸನದ ತಂಡದಲ್ಲಿ ಎಡಗಡೆ ಓಡುವ ಆಟಗಾರ ಎಂದು ನಮಗೆ ತಿಳಿದದ್ದು ಮದುವೆಯಾದ ಮೇಲೆ.

ಮೊದಲ ದೀಪಾವಳಿಗೆ ಅಳಿಯನನ್ನು ಕರೆದೆವು. ಹಬ್ಬದ ಮಾರನೆಯ ದಿನ ನಮ್ಮೂರ ಹುಡುಗರಿಗೂ ಹಾಸನದ ತಂಡಕ್ಕೂ ಪಂದ್ಯ ಗೊತ್ತಾಗಿತ್ತು. ಅಪ್ಪನಿಗೆ ಹೆಮ್ಮೆಯೋ ಹೆಮ್ಮೆ. ಹೊಸ ಪಂಚೆ ಉಟ್ಟು, ನೆಂಟರನ್ನೆಲ್ಲ ಹೊರಡಿಸಿಕೊಂಡು ಮೈದಾನಕ್ಕೆ ಹೋದರು. ನಾನೂ ಬರುತ್ತೇನೆ ಅಂದೆ. ಅಮ್ಮ ಕಣ್ಣು ಬಿಟ್ಟಳು.

“ಗಂಡುಸ್ರು ಚಡ್ಡಿ ಆಕ್ಕಂಡು ಓಡಾಡೋ ಕಡೆ ಎಣ್‌ ಮಕ್ಳಿಗೇನೇ ಕೆಲ್ಸ? ಸುಮ್ನೆ ಕೂತ್ಕೊ.”

ಕೂತೆ. ಮೈದಾನದ ಗದ್ದಲ ನಮ್ಮ ಹಿತ್ತಿಲಿಗೆ ಕೇಳುತ್ತಿತ್ತು. ಒಂದು ಸಲ ಎಲ್ಲರೂ ಒಟ್ಟಿಗೆ ಹೋ ಎಂದು ಕೂಗಿದರು. ಇನ್ನೂ ಆಟ ನಡೆಯುತ್ತಿರುವಾಗಲೇ ಅಪ್ಪ ಒಬ್ಬರೇ ಬಿರಬಿರನೆ ವಾಪಸು ಬಂದು ಜಗಲಿಯ ಮೇಲೆ ಕೂತರು.

ಆದದ್ದೇನೆಂದು ಆಮೇಲೆ ಚಿಕ್ಕಪ್ಪ ನಗುತ್ತಾ ಹೇಳಿದರು. ನನ್ನ ಗಂಡ ಗೋಲು ಹೊಡೆದಿದ್ದರಂತೆ. ಅದಕ್ಕೆ ಅಪ್ಪನ ತಕರಾರಿರಲಿಲ್ಲ. ಕೆಸರಲ್ಲಿ ಬಿದ್ದದ್ದಕ್ಕೂ ಇರಲಿಲ್ಲ, ಚಡ್ಡಿಯನ್ನೂ ಹೇಗೋ ನುಂಗಿಕೊಂಡಿದ್ದರು. ಆದರೆ ಸುತ್ತ ನಿಂತವರು, ಅಂಗಡಿಗೆ ಬಂದರೆ ಕೈಕಟ್ಟಿ ನಿಲ್ಲುವಂಥವರು, ಎದುರು ತಂಡದವನಾದರೂ ಊರ ಅಳಿಯನೆಂಬ ಸಲುಗೆಯಿಂದ “ಒಡೀಲಾ! ಓಡ್ಲಾ ಲೇ! ಏನ್ಲಾ ನೋಡ್ತೀಯ!” ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದರಂತೆ. ಅಪ್ಪ ಸ್ವತಃ ಬಹುವಚನದಲ್ಲಿ ಕರೆಯುವ, ಕಾಲು ತೊಳೆದು ಮಗಳನ್ನು ಧಾರೆ ಎರೆದುಕೊಟ್ಟ ಅಳಿಯನಿಗೆ ಇಡೀ ಊರು ‘ಲಾ’ ಅನ್ನುತ್ತಿತ್ತು. ಅದು ಪ್ರೀತಿಯ ಕೂಗು ಎಂದು ಅವರಿಗೆ ಹೇಗೆ ತಿಳಿಯಬೇಕು!

ಸಂಜೆ ಊಟದ ಹೊತ್ತಿಗೆ ಅಪ್ಪ ಅಳಿಯನ ಮುಖ ನೋಡದೆ ಅಮ್ಮನಿಗೆ ಹೇಳಿದರು.

“ಅಳಿಯಂದ್ರಿಗೆ ಏಳು. ಆಟ ಬ್ಯಾಡ ಅನ್ನಾಕಿಲ್ಲ ನಾನು. ಬೇಕಾದ್ರೆ ಆಡ್ಸಲಿ. ಆಡೋನ್ಗೆ ಲಾ ಅಂತಾರೆ, ಆಡ್ಸೋನ್ಗೆ ಸಾ ಅಂತಾರೆ.”

ಅಮ್ಮ ಕಜ್ಜಾಯದ ತಟ್ಟೆ ಹಿಡಿದು ಇಬ್ಬರ ನಡುವೆ ನಿಂತಿದ್ದಳು. ಇವರು ನಕ್ಕರು.

“ಅತ್ತೆ, ಮಾವ್ನೋರಿಗೆ ಏಳಿ, ಆಗ್ಲಿ ಅಂತ.”

ಅಷ್ಟು ಸಲೀಸಾಗಿ ಯಾಕೆ ಒಪ್ಪಿದರೋ ನನಗೆ ಅರ್ಥವಾಗಿಲ್ಲ. ಹೊಸ ಅಳಿಯನ ಸಂಕೋಚವಿರಬೇಕು. ಇಪ್ಪತ್ತೈದರ ಆಸುಪಾಸಿನ ವಯಸ್ಸು, ಇನ್ನೂ ಎಷ್ಟೋ ವರ್ಷ ಆಡುವ ಕಾಲು. ಮುಂದಿನ ವರ್ಷವೇ ಹೊಳೆನರಸೀಪುರದ ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟರ ಕೆಲಸ ಸಿಕ್ಕಿತು. ಪ್ಯಾಂಟು ಹೊಲಿಸಿಕೊಂಡರು, ಕೊರಳಿಗೆ ಸೀಟಿ ಬಂತು. ಬೀದಿಯಲ್ಲಿ ಹೋದರೆ ಆ ಕಡೆಯಿಂದ “ನಮಸ್ಕಾರ ಸಾ”, ಈ ಕಡೆಯಿಂದ “ನಮಸ್ಕಾರ ಸಾ”. ಅಪ್ಪ ಒಮ್ಮೆ ಬಂದವರು ಇದನ್ನು ಕಿವಿಯಾರೆ ಕೇಳಿ, ತೃಪ್ತಿಯಾಗಿ ಊಟ ಮಾಡಿ ಹೋದರು.

ಒಳ್ಳೆಯ ಕೋಚ್ ಆಗಿದ್ದರು, ಅದರಲ್ಲಿ ಎರಡು ಮಾತಿಲ್ಲ. ಬರಿಗಾಲಿನ ಹುಡುಗರನ್ನು ಸೇರಿಸಿ ತಂಡ ಕಟ್ಟಿದರು. ಮಳೆಯಲ್ಲಿ ನೆನೆದ ಚೆಂಡು ನನ್ನ ಒಲೆಯ ಪಕ್ಕ ಒಣಗುತ್ತಿತ್ತು, ತರಚಿದ ಮೊಣಕಾಲುಗಳಿಗೆ ನನ್ನ ಅಡಿಗೆಮನೆಯ ಅರಿಶಿನವೇ ಹೋಗುತ್ತಿತ್ತು. ಇಷ್ಟೆಲ್ಲ ಇದ್ದೂ ಆಟ ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಮೇಷ್ಟರ ಹೆಂಡತಿ ಮೈದಾನಕ್ಕೆ ಹೋಗುವ ಕಾಲವಲ್ಲ ಅದು.

ಒಂದು ಸಲ ತಡೆಯಲಾರದೆ, “ಇತ್ಲಲ್ಲೇ ಒಂಚೂರು ಆಡಿ ತೋರ್ಸಿ, ನಾನೂ ನೋಡ್ತೀನಿ” ಅಂದೆ.

“ಒಬ್ನೇ ಏನಾಡಾದೇ? ತಡ್ಯೋಕೆ ಎದುರ್ಗೆ ಯಾರಾರಾ ಬೇಕು ಕಣೆ” ಅಂದರು.

ನಾನು ಸೆರಗು ಸಿಕ್ಕಿಸಿ ಎದುರಿಗೆ ನಿಂತೆ. ಅವರು ಚೆಂಡನ್ನು ಕಾಲಲ್ಲಿ ಎಳೆದುಕೊಂಡು ಒಂದು ಕ್ಷಣ ನಿಂತರು. ಅಷ್ಟರಲ್ಲಿ ಬೇಲಿಯಾಚೆ ಯಾರೋ “ಸಾ” ಎಂದು ಕರೆದರು. ಚೆಂಡು ಬಿಟ್ಟು ಹೋದರು. ಆಮೇಲೆ ನಾನು ಕೇಳಲಿಲ್ಲ, ಅವರಾಗಿ ತೋರಿಸಲಿಲ್ಲ. ನಾಲ್ಕಾರು ವರ್ಷಕ್ಕೆ ಹೊಟ್ಟೆ ಬಂತು, ಎಡ ಮೊಣಕಾಲು ಹಿಡಿದುಕೊಂಡಿತು.

ಅರವತ್ತರ ದಶಕದಲ್ಲಿ ಕಾಲ ಸ್ವಲ್ಪ ಸಡಿಲವಾಯಿತು. ಅರಕಲಗೂಡಿನಲ್ಲಿ ಪಂದ್ಯವಿದ್ದಾಗ ಮೇಷ್ಟರುಗಳ ಹೆಂಡಂದಿರೂ ಬಸ್ಸು ಹತ್ತಿದೆವು. ಮೈದಾನದಂಚಿನಲ್ಲಿ ನಮಗೆಂದು ಬೆಂಚು ಹಾಕಿದ್ದರು. ಇವರು ಗೆರೆಯ ಹೊರಗೆ ಕೈಕಟ್ಟಿ ನಿಂತಿದ್ದರು. ಎಡಗಡೆ ಆಡುತ್ತಿದ್ದ ಒಬ್ಬ ಸಣಕಲ ಹುಡುಗ ಚೆಂಡು ಸಿಕ್ಕಿದಾಗಲೆಲ್ಲ ಒಂದು ಚಣ ನಿಂತು, ಹೆಗಲು ಬಾಗಿಸಿ, ಎದುರಿನವನು ವಾಲಿದ ಮೇಲೆ ಇನ್ನೊಂದು ಪಕ್ಕಕ್ಕೆ ಜಾರಿಕೊಳ್ಳುತ್ತಿದ್ದ. ಬೆಂಚಿನ ಹಿಂದೆ ನಿಂತಿದ್ದ ಹಾಸನದ ಮುದುಕರೊಬ್ಬರು ನಾನು ಯಾರೆಂದು ತಿಳಿದು ಬಗ್ಗಿ ಹೇಳಿದರು.

“ನೋಡ್ಕಳಿ ತಾಯಿ, ಥೇಟು ನಿಮ್ ಯಜಮಾನ್ರೇ. ಇಂಗೇ ಆಡೋರು ಕಣಮ್ಮ, ಒಂಚೂರೂ ಯತ್ವಾಸ ಇಲ್ಲ.”

ನಾನು ಕಣ್ಣು ಮಿಟುಕಿಸದೆ ಆ ಹುಡುಗನನ್ನು ನೋಡಿದೆ. ಅವನು ಗೋಲು ಹೊಡೆದಾಗ ಜನ ಎದ್ದು ಕುಣಿದರು. ನನಗೆ ಅಳು ಬಂತು.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಇವರು ಕೇಳಿದರು.

“ಎಂಗಾಡ್ದ ನಮ್ ಉಡ್ಗ?”

“ಥೇಟು ನಿಮ್ಮಂಗೇ ಆಡ್ದ” ಅಂದೆ, ಖುಷಿಪಡಿಸಲೆಂದು.

ಅವರು ಸರಕ್ಕನೆ ನನ್ನ ಕಡೆ ತಿರುಗಿದರು. ಆ ಮುಖದಲ್ಲಿ ಅಂಥ ಆಸೆಯನ್ನು ನಾನು ಯಾವತ್ತೂ ಕಂಡಿರಲಿಲ್ಲ.

“ನನ್ನಾಟ ನೋಡಿದ್ಯಾ ನೀನು? ಯಾವಾಗ್ಲೇ ನೋಡಿದ್ದೆ?”

ಬಸ್ಸು ಹೊಳೆನರಸೀಪುರದ ಸೇತುವೆ ಹತ್ತುತ್ತಿತ್ತು. ಹೂಂ ಅಂದುಬಿಡಬಹುದಾಗಿತ್ತು. ಯಾವತ್ತು, ಎಲ್ಲಿ ನಿಂತಿದ್ದೆ, ಎಂಥ ಗೋಲು ಎಂದು ಮುಂದೆ ಕೇಳುತ್ತಾರಲ್ಲ ಎಂದು ಹೆದರಿ, ಇಲ್ಲ ಅಂದೆ.