ನಿಂಬೆ, ಉಪ್ಪು ಮತ್ತು ಮುಂದಿನ ಎರಡು ಹಲ್ಲು

ಮೊನ್ನೆ ಸಾರಿಗೆ ನಿಂಬೆಹಣ್ಣು ಹಿಂಡುತ್ತಿದ್ದೆ. ಬೆರಳಿಗೆ ಹತ್ತಿದ ವಾಸನೆ ನನ್ನನ್ನು ಸೀದಾ ಕೊಲ್ಲಿ ನಾಡಿನ ದುಖಾನ್‌ಗೆ ಎಳೆದುಕೊಂಡು ಹೋಯಿತು. ನಿಂಬೆಗೂ ಎಣ್ಣೆಬಾವಿಗಳ ಮರುಭೂಮಿಗೂ ಏನು ಸಂಬಂಧ ಎನ್ನುತ್ತೀರಾ? ಸಂಬಂಧ ಕಲ್ಪಿಸಿದ ಮಹಾನುಭಾವ ನಾನೇ. ಸ್ವಲ್ಪ ತಾಳಿ, ಹೇಳುತ್ತೇನೆ.

ತೊಂಬತ್ತರ ದಶಕದ ಮಾತು. ಎಣ್ಣೆ ಕಂಪನಿಯ ಉಗ್ರಾಣದಲ್ಲಿ ನನಗೆ ಕೆಲಸ. ದಿನವಿಡೀ ವಾಲ್ವು, ಬೋಲ್ಟುಗಳ ನಡುವೆ ಕೂತು ಕೂತು, ಜಗತ್ತಿನಲ್ಲಿ ಏನು ಕೆಟ್ಟರೂ ನನ್ನ ಹತ್ತಿರ ಮದ್ದಿದೆ ಎಂಬ ಭ್ರಮೆ ಬಂದುಬಿಟ್ಟಿತ್ತು. ಕೇಳದಿದ್ದರೂ ಸಲಹೆ ಕೊಡುವುದು ನನ್ನ ಚಾಳಿ. ನನ್ನನ್ನು ಮದುವೆಯಾಗಿ ಮೈಸೂರಿನಿಂದ ಹೊಸದಾಗಿ ಬಂದಿದ್ದ ವನಜಾಳೊಡನೆ ಒಂದು ದಿನ ಫೋಟೋ ನೋಡುತ್ತಾ, "ನಿನ್ನ ಹಲ್ಲು ಸ್ವಲ್ಪ ಹಳದಿ ಕಣೇ. ನಿಂಬೆಹಣ್ಣಿಗೆ ಉಪ್ಪು ಹಾಕಿ ತಿಕ್ಕು, ಫಳಫಳ ಅನ್ನತ್ತೆ," ಎಂದೆ. ಮರುದಿನ ನನಗದು ಮರೆತೇಹೋಯಿತು.

ವರ್ಷ ಕಳೆಯಿತು. ವನಜಾ ಬಾಯಿ ತುಂಬ ನಗುವವಳು. ಈಗ ಸೆರಗು ಅಡ್ಡ ಹಿಡಿದು ನಗತೊಡಗಿದಳು. ತಣ್ಣೀರು ಕುಡಿದರೆ ಮುಖ ಕಿವುಚುತ್ತಿದ್ದಳು. ಆಮೇಲೆ ನಗುವುದನ್ನೇ ಬಿಟ್ಟಳು. ಊರು ಒಗ್ಗಲಿಲ್ಲವೇನೋ ಎಂದು ನಾನು ಹೆದರಿದೆ. ಕೊನೆಗೆ ಹಲ್ಲುನೋವು ಎಂದು ಬಾಯಿಬಿಟ್ಟಾಗ, ವಾರದ ರಜೆಯ ಶುಕ್ರವಾರ ಬಿಟ್ಟು ಇನ್ನೊಂದು ದಿನ ರಜೆ ಹಾಕಿ ದೋಹಾಕ್ಕೆ ಹೊರಟೆವು. ಅಲ್ಲಿನ ಅಲ್ ಮನ್ಸೂರಾ ಬಡಾವಣೆಯಲ್ಲಿ ಮಂಗಳೂರಿನ ಹಲ್ಲಿನ ಡಾಕ್ಟರಮ್ಮ ಒಬ್ಬರಿದ್ದರು.

ಅವರು ದೀಪ ಹಿಡಿದು ನೋಡಿದರು. ಮುಂದಿನ ಎರಡು ಹಲ್ಲುಗಳ ಅಂಚು ಸವೆದು ತೆಳ್ಳಗಾಗಿತ್ತು.

"ಎಂತ ತಿಕ್ಕಿದ್ದು ನೀವು?"

"ನಿಂಬೆಹಣ್ಣು, ಉಪ್ಪು. ದಿನಾ ಬೆಳಿಗ್ಗೆ."

"ಅಯ್ಯೋ ದೇವರೇ! ಮೇಲಿನ ಪದರ ಗಾಜಿನ ಹಾಗೆ ಮಾರಾಯ್ರೆ, ಒಳಗಿನದ್ದೇ ಹಳದಿ. ಹುಳಿಗೆ ಪದರ ಮೆತ್ತಗಾಗ್ತದೆ, ಮೇಲಿಂದ ನೀವು ಉಪ್ಪಲ್ಲಿ ಉಜ್ಜಿದ್ರಿ. ಸವೆದಷ್ಟೂ ಹಳದಿ ಜಾಸ್ತಿ ಕಾಣುವುದು. ನಿಮ್ಮ ಹಲ್ಲು ಮೊದಲು ಸರಿಯೇ ಇತ್ತು. ಯಾರು ಹೇಳಿದ್ದು ಇದನ್ನು?"

ವನಜಾ ನನ್ನ ಕಡೆ ನೋಡಲೂ ಇಲ್ಲ. "ಯಾರೋ ಹೇಳಿದ್ರು ಡಾಕ್ಟ್ರೇ," ಎಂದಳು.

ಭೂಮಿ ಬಾಯಿಬಿಡಬಾರದೇ ಎನ್ನಿಸಿತು. "ಯಾರೋ ಅಲ್ಲ, ನಾನೇ," ಎಂದೆ. ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಮೂಳೆ ಮುರಿದರೂ ಕೂಡ್ತದೆ. ಈ ಪದರ ಹೋದರೆ ಹೋಯ್ತು, ಮತ್ತೆ ಬೆಳೆಯುವುದಿಲ್ಲ," ಎಂದಷ್ಟೇ ಹೇಳಿದರು.

ನನ್ನ ದವಡೆಯಲ್ಲಿ ಬೆಳ್ಳಿ ಬಣ್ಣದ ಫಿಲ್ಲಿಂಗ್ ಇತ್ತು. ಅದನ್ನೇ ಇವಳ ಮುಂದಿನ ಹಲ್ಲಿಗೂ ಮೆತ್ತುತ್ತಾರೆಂದುಕೊಂಡಿದ್ದೆ. ಅವರು ತೆಗೆದದ್ದು ಬೇರೆಯೇ. ಪುಟ್ಟ ಪುಟ್ಟ ಮಾದರಿ ಹಲ್ಲುಗಳ ಒಂದು ಸಾಲು, ಒಂದೊಂದಕ್ಕೂ ಒಂದೊಂದು ಛಾಯೆ. ಬಿಳಿಯಲ್ಲಿ ಅಷ್ಟು ಬಗೆ ಇದೆಯೆಂದು ಉಗ್ರಾಣದವನಾದ ನನಗೇ ಗೊತ್ತಿರಲಿಲ್ಲ! ವನಜಾಳ ಹಲ್ಲಿನ ಪಕ್ಕ ಹಿಡಿದು ಒಂದನ್ನು ಆರಿಸಿದರು. ಮೊದಲು ಹಲ್ಲಿಗೆ ಸವರಿದ್ದು ಆಮ್ಲ. "ಮತ್ತೆ ಹುಳಿಯಾ?" ಎಂದು ಕಿರುಚಿಬಿಟ್ಟೆ. "ಕೆಲವೇ ಸೆಕೆಂಡು ಅಷ್ಟೆ, ಫಿಲ್ಲಿಂಗ್ ಕಚ್ಚಿಕೊಳ್ಳಲಿಕ್ಕೆ," ಎಂದು ಹೇಳಿ ಅವರು ತೊಳೆದರು. ಆಮೇಲೆ ಮೇಣದಂಥದ್ದನ್ನು ಪದರ ಪದರವಾಗಿ ಇಟ್ಟು, ತಿದ್ದಿ, ನೀಲಿ ಬೆಳಕು ಹಿಡಿದರು. ನೋಡುತ್ತಿದ್ದಂತೆ ಮೇಣ ಕಲ್ಲಾಯಿತು. ಸಾಣೆ ಹಿಡಿದ ಮೇಲೆ ನಾನು ಬಗ್ಗಿ ಬಗ್ಗಿ ಹುಡುಕಿದೆ: ಇವಳ ಹಲ್ಲು ಎಲ್ಲಿ ಮುಗಿಯಿತು, ಅವರು ಕಟ್ಟಿದ್ದು ಎಲ್ಲಿ ಶುರುವಾಯಿತು? ಕಾಣಲಿಲ್ಲ. ಕೈ ಮುಗಿಯುವುದೊಂದು ಬಾಕಿ. ಹುಳಿ ತಿಂದರೆ ನೀರಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಬಿಟ್ಟು ಮೆದುವಾದ ಬ್ರಷ್ಷಿನಿಂದ ಉಜ್ಜಬೇಕೆಂದು ಅವರು ಹೇಳಿದ್ದನ್ನು ಮಂತ್ರದಂತೆ ಬಾಯಿಪಾಠ ಮಾಡಿದೆ.

ದುಖಾನ್ ದಾರಿಯಲ್ಲಿ ಕೇಳಿದೆ: "ಅಷ್ಟು ಉರೀತಿದ್ರೂ ಯಾಕೆ ಬಿಡಲಿಲ್ಲ?"

"ನೀವು ಹೇಳಿದ್ರಲ್ಲ."

ಆ ನೀಲಿ ಬೆಳಕಿಗಿಂತ ನನ್ನನ್ನು ಬೆರಗಾಗಿಸಿದ್ದು ಈ ಮಾತು. ನಾನು ಬಾಯಿಗೆ ಬಂದದ್ದು ಆಡಿ ಮರೆತದ್ದನ್ನು ಒಬ್ಬಳು ವರ್ಷವಿಡೀ, ನೋವು ನುಂಗಿಕೊಂಡು, ನಡೆಸಿದ್ದಳು. ಮಾತಿಗೆ ಅಷ್ಟು ಬೆಲೆಯಿದೆಯೆಂದು ತಿಳಿದು ನನಗೆ ಹೆದರಿಕೆಯಾಯಿತು.

ಈಗ ಮೈಸೂರಿನಲ್ಲಿದ್ದೇವೆ. ಅವಳಿಗೆ ಏನಾದರೂ ಹೇಳಹೊರಟರೆ ಇವತ್ತಿಗೂ ಅರೆಕ್ಷಣ ತಡೆಯುತ್ತೇನೆ. ಅದು ಅವಳಿಗೂ ಗೊತ್ತು. "ಹೇಳಿ ಪರವಾಗಿಲ್ಲ," ಎನ್ನುತ್ತಾಳೆ, "ನಾನೇನು ಈಗ ನಿಮ್ಮ ಮಾತು ಕೇಳ್ತೀನಾ?" ಸೆರಗು ಅಡ್ಡ ಹಿಡಿಯದೆ ನಗುತ್ತಾಳೆ. ಗಂಡಸಾದವನಿಗೆ ಬೇಸರವಾಗಬೇಕಾದ ಮಾತು ಅದು. ನನಗೆ ಮಾತ್ರ, ನಿಜ ಹೇಳುತ್ತೇನೆ, ಜೀವ ಹಗುರವಾಗುತ್ತದೆ.