ಎಡಮೂಲೆಯ ಮೊದಲ ಸಾಲು

ವಿಜಯಾ ಆ ಸಾಲನ್ನು ಬೋರ್ಡಿನ ಮೇಲೆ ಬರೆದಿದ್ದಳು. ನಾನು ನೋಡಿದ್ದೆ. ನೋಡಲಿಲ್ಲ ಎಂದು ಹೇಳಿದೆ.

ನಾನು ನಿಂತಿದ್ದ ಜಾಗ: ಯಲಹಂಕದ ಆಚೆ ನಾವು ಎಂಎಸ್ಸಿ ಓದುತ್ತಿದ್ದ ಕಾಲೇಜಿನ ಎರಡನೇ ಮಹಡಿ, ಗಣಿತ ವಿಭಾಗದ ಸೆಮಿನಾರ್ ಕೋಣೆ, ಬೋರ್ಡಿನ ಎಡತುದಿಯಿಂದ ಎರಡು ಹೆಜ್ಜೆ. ಕೈಯಲ್ಲಿ ಡಸ್ಟರ್ ಇತ್ತು. ಹೊತ್ತು: ಹದಿನಾರು ವರ್ಷದ ಹಿಂದೆ, ಫೆಬ್ರವರಿಯ ಒಂದು ಶನಿವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಗಡಿಯಾರ ಬೋರ್ಡಿನ ಮೇಲ್ಗಡೆಯೇ ಇತ್ತು. ಒರೆಸಲು ಕೈ ಎತ್ತಿದಾಗ ಕಣ್ಣಿಗೆ ಬಿತ್ತು.

ನಮ್ಮ ವಿಭಾಗದಲ್ಲಿ ಒಂದು ರೂಢಿಯಿತ್ತು. ವಿದ್ಯಾರ್ಥಿಗಳು ತಮ್ಮ ಸಂಶೋಧನೆಯನ್ನು ಮಂಡಿಸುವ ದಿನ, ಮಾತಾಡುವವರು ಬೋರ್ಡ್ ಒರೆಸುವಂತಿಲ್ಲ. ಗೆಳೆಯನೋ ಗೆಳತಿಯೋ ಮುಂದಿನ ಸಾಲಿನ ತುದಿಯಲ್ಲಿ ಕೂತಿದ್ದು, ಬೋರ್ಡ್ ತುಂಬಿದಾಗ ಎದ್ದು ಒರೆಸಬೇಕು. ಯೋಚನೆ ಕಡಿಯಬಾರದು ಅಂತ ಗೋಪಾಲಕೃಷ್ಣ ಸರ್ ಮಾಡಿದ ಏರ್ಪಾಡು. ಅವರು ಮಾಡಿದ ನಿಯಮ ಇನ್ನೊಂದಿತ್ತು: ಬೋರ್ಡಿನ ಮೇಲೆ ಏನಿತ್ತೋ ಅದಷ್ಟೇ ಲೆಕ್ಕಕ್ಕೆ. ಮನಸ್ಸಿನಲ್ಲಿತ್ತು, ಹೇಳಬೇಕೆಂದಿದ್ದೆ — ಇವೆಲ್ಲ ನಡೆಯುತ್ತಿರಲಿಲ್ಲ.

ವಿಜಯಾ ತನಗೆ ಒರೆಸಲು ನನ್ನನ್ನು ಕೇಳಿಕೊಂಡಿದ್ದಳು. ‘ನಾಗ, ನೀನೇ ಬಾರೋ. ಬೇರೆಯವರಾದ್ರೆ ಅರ್ಧ ಒರೆಸಿ ಅರ್ಧ ಬಿಡ್ತಾರೆ.’

ಅವಳದು ಶುದ್ಧ ಗಣಿತ. ಬಿಂದುಗಳು, ಅವನ್ನು ಕೂಡಿಸುವ ಗೆರೆಗಳು, ಅವುಗಳಿಂದಾದ ಜಾಲ — ಅದಕ್ಕೂ ಹೊರಜಗತ್ತಿಗೂ ಸಂಬಂಧವಿಲ್ಲ. ನನ್ನದು ಅನ್ವಯಿಕ. ಹೆಬ್ಬಾಳದ ಫ್ಲೈಓವರ್ ಕೆಳಗೆ ನಿಂತು ಬಸ್ಸುಗಳನ್ನು ಎಣಿಸಿ, ಎಲ್ಲಿ ಎಷ್ಟು ಹೊತ್ತು ಸಿಕ್ಕಿಬೀಳುತ್ತವೆ ಎಂದು ಒಂದು ಮಾದರಿ ಕಟ್ಟಿದ್ದೆ. ‘ನಿಂದು ಟ್ರಾಫಿಕ್ ಪೊಲೀಸ್ ಕೆಲಸ ಕಣೋ’ ಅನ್ನುತ್ತಿದ್ದಳು. ‘ನಿಂದು ರಂಗೋಲಿ’ ಅನ್ನುತ್ತಿದ್ದೆ. ಆ ವರ್ಷ ಬೇಸಿಗೆಯಲ್ಲಿ ಒಂದು ಸಂಶೋಧನಾ ಸಂಸ್ಥೆಯಲ್ಲಿ ಎರಡು ತಿಂಗಳು ಇದ್ದು ಕೆಲಸ ಮಾಡುವ ಅವಕಾಶ ನಮ್ಮ ವಿಭಾಗದ ಒಬ್ಬರಿಗೆ ಮಾತ್ರ ಇತ್ತು. ಅಲ್ಲಿಗೆ ಹೋದವರಿಗೆ ಪಿಎಚ್‌ಡಿಯ ದಾರಿ ತೆರೆದಂತೆ. ಉಳಿದಿದ್ದದ್ದು ನಾವಿಬ್ಬರೇ; ಆ ಶನಿವಾರದ ಮಂಡನೆ ನೋಡಿ ಸರ್ ಒಬ್ಬರನ್ನು ಆರಿಸುವವರಿದ್ದರು.

ಅವಳ ಪ್ರಮೇಯ ನಿಂತಿದ್ದು ಒಂದು ಷರತ್ತಿನ ಮೇಲೆ: ಜಾಲದಿಂದ ಯಾವುದೇ ಒಂದು ಬಿಂದುವನ್ನು ಕಿತ್ತರೂ ಉಳಿದದ್ದು ತುಂಡಾಗಬಾರದು. ಹಾಗಿದ್ದರೆ ಯಾವ ಎರಡು ಬಿಂದುಗಳ ನಡುವೆಯೂ, ಮಧ್ಯೆ ಎಲ್ಲೂ ಒಂದನ್ನೊಂದು ಮುಟ್ಟದ ಎರಡು ದಾರಿಗಳು ಸಿಗುತ್ತವೆ. ಇಷ್ಟು ಎಲ್ಲರಿಗೂ ತಿಳಿದ ಹಳೆಯ ವಿಷಯ. ಇದರ ಮೇಲೆ ಅವಳು ಕಟ್ಟಿದ್ದು ಹೊಸದು.

ಆ ವಾರ ವಾಯುಪಡೆಯ ನೆಲೆಯಲ್ಲಿ ವಿಮಾನ ಪ್ರದರ್ಶನಕ್ಕೆ ಅಭ್ಯಾಸ ನಡೆಯುತ್ತಿತ್ತು. ಅವಳು ಚಾಕ್ ಎತ್ತಿಕೊಂಡು ಷರತ್ತನ್ನು ಬಾಯಲ್ಲಿ ಹೇಳುತ್ತ ಬರೆಯತೊಡಗಿದ ಹೊತ್ತಿಗೇ ಮೂರು ವಿಮಾನಗಳು ತಲೆಯ ಮೇಲೆಯೇ ಹೋದವು. ಕಿಟಕಿಯ ಗಾಜು ನಡುಗಿತು. ಎಲ್ಲರೂ ಎದ್ದು ಕಿಟಕಿಗೆ ಹೋದರು. ಗೋಪಾಲಕೃಷ್ಣ ಸರ್ ಎಲ್ಲರಿಗಿಂತ ಮುಂದೆ — ವಿಮಾನವೆಂದರೆ ಅವರು ಮಗುವಿನಂತಾಗುತ್ತಿದ್ದರು. ಅವಳ ಮಾತು ಯಾರಿಗೂ ಕೇಳಿಸಲಿಲ್ಲ. ಆದರೆ ಅವಳು ನಿಲ್ಲಿಸಲಿಲ್ಲ. ಎಡ ಮೇಲ್ಮೂಲೆಯಲ್ಲಿ ಒಂದು ಸಾಲು ಬರೆದು ಅದರ ಸುತ್ತ ಚೌಕ ಎಳೆದಳು. ನಾನು ಕೂತಲ್ಲೇ ಇದ್ದೆ. ಆ ಸಾಲನ್ನು ನನ್ನ ನೋಟ್‌ಬುಕ್ಕಿನಲ್ಲಿ ನೀಲಿ ಪೆನ್ನಿನಿಂದ ಬರೆದುಕೊಂಡೆ.

ವಿಮಾನಗಳು ಮತ್ತೆ ಮತ್ತೆ ಸುತ್ತಿ ಬಂದವು; ಮೂರು ಹತ್ತಕ್ಕೆ, ಎಲ್ಲರೂ ಇನ್ನೂ ಕಿಟಕಿಯಲ್ಲಿರುವಾಗಲೇ, ಬೋರ್ಡ್ ತುಂಬಿತು. ಎದ್ದು ಒರೆಸಿದೆ. ಎಡಮೂಲೆಯಿಂದಲೇ ಶುರುಮಾಡಿದೆ. ಪೂರ್ತಿ ಒರೆಸಿದೆ.

ಅವಳು ಎರಡನೇ ಸಲ ಬೋರ್ಡ್ ತುಂಬಿಸುತ್ತ, ‘ಈ ಎರಡು ಬಿಂದುಗಳ ನಡುವೆ ಎರಡು ಬೇರೆಬೇರೆ ದಾರಿ ಇವೆ’ ಎಂದಾಗ ನಾನು ಕೈ ಎತ್ತಿದೆ. ಬೋರ್ಡಿಗೆ ಹೋಗಿ ಮೂರು ಚುಕ್ಕೆ ಇಟ್ಟೆ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರ. ಬಸ್ ಎಣಿಸಿ ಎಣಿಸಿ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ ಚಿತ್ರ.

‘ಯಲಹಂಕದಿಂದ ಆರ್.ಟಿ. ನಗರಕ್ಕೆ ಹೆಬ್ಬಾಳ ಬಿಟ್ಟು ಹೋಗೋ ಇನ್ನೊಂದು ದಾರಿ ತೋರ್ಸು ನೋಡೋಣ!’

ಕೋಣೆ ಕೋಣೆಯೇ ನಕ್ಕಿತು. ಅಂದು ಬೆಳಿಗ್ಗೆ ಹೆಬ್ಬಾಳದಲ್ಲಿ ಸಿಕ್ಕಿಕೊಂಡು ತಡವಾಗಿ ಬಂದವರೇ ಅರ್ಧ ಜನ. ‘ನಿಜ ಕಣ್ರೀ, ದೇವರಿಗೂ ಇಲ್ಲ’ ಎಂದರು ಯಾರೋ. ಸರ್ ಕೂಡ ನಕ್ಕರು. ವಿಜಯಾ ತಿರುಗಿ ಎಡಮೂಲೆ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಅವಳ ಚೌಕ ಇದ್ದಿದ್ದರೆ — ಹೆಬ್ಬಾಳ ಕಿತ್ತರೆ ನನ್ನ ಜಾಲ ತುಂಡಾಗುತ್ತದೆ, ಹಾಗಾಗಿ ಅದು ಅವಳ ಷರತ್ತಿಗೆ ಒಳಪಡುವುದೇ ಇಲ್ಲ ಎಂದು ಯಾರಾದರೂ ಹೇಳುತ್ತಿದ್ದರು. ಅವಳು ಅದನ್ನೇ ಹೇಳಲು ಬಾಯಿ ತೆರೆದಳು. ನಗು ನಿಂತಿರಲಿಲ್ಲ. ‘ಇನ್ನೊಂದ್ಸಲ ನೋಡ್ಕೊಂಡು ಬಾರಮ್ಮ’ ಎಂದರು ಸರ್. ಮುಂದಿನ ಸರದಿ ನನ್ನದು.

ಕೈ ಎತ್ತಿದ ಆ ಕ್ಷಣ ನನಗೆ ಷರತ್ತು ಮರೆತಿತ್ತೇ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮರೆತಿತ್ತು ಎಂದು ಬರೆದರೆ ನನಗೆ ಅನುಕೂಲ. ಆದ್ದರಿಂದ ಬರೆಯುವುದಿಲ್ಲ. ಗೊತ್ತಿಲ್ಲ ಎಂಬುದಷ್ಟೇ ಸರಿಯಾದ ಉತ್ತರ.

ಸೋಮವಾರದ್ದು ಗೊತ್ತು.

ಸೋಮವಾರ ಬೆಳಿಗ್ಗೆ ಸರ್ ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ವಿಜಯಾ ಆಗಲೇ ಅಲ್ಲಿದ್ದಳು. ಮೇಜಿನ ಮೇಲೆ ಅವಳ ನೋಟ್‌ಬುಕ್ ತೆರೆದಿತ್ತು, ಷರತ್ತು ಮೊದಲ ಸಾಲಿನಲ್ಲೇ ಇತ್ತು. ಆದರೆ ಅವಳು ಯಾವಾಗಲೂ ಬರೆಯುತ್ತಿದ್ದುದು ಪೆನ್ಸಿಲ್‌ನಲ್ಲಿ.

‘ಪೆನ್ಸಿಲ್ ಕಣಮ್ಮ ಇದು. ಶನಿವಾರಕ್ಕೆ ಮೊದಲೇ ಇತ್ತು ಅಂತ ನಾನು ಹೇಗೆ ಹೇಳ್ಲಿ?’ ಎಂದು ಸರ್ ನನ್ನ ಕಡೆ ತಿರುಗಿದರು. ‘ನಾಗರಾಜ, ಬೋರ್ಡ್ ಹತ್ರ ಇದ್ದೋನು ನೀನು. ಇವಳು ಈ ಷರತ್ತು ಬರೆದಿದ್ಲೇನಪ್ಪ?’

‘ನೀನು ಬರ್ಕೊಂಡಿದ್ಯಲ್ಲೋ ನಾಗ,’ ಎಂದಳು ವಿಜಯಾ. ಅವಳ ದನಿಯಲ್ಲಿ ಭಯವಿರಲಿಲ್ಲ. ಅದೇ ನನಗೆ ಇಂದಿಗೂ — ನಾನಿದ್ದೇನಲ್ಲ ಎಂಬ ನಿಶ್ಚಿಂತೆ ಅದು.

ನನ್ನ ನೋಟ್‌ಬುಕ್ ನನ್ನ ಹೆಗಲ ಚೀಲದಲ್ಲೇ ಇತ್ತು. ಅದರ ಭಾರ ನನಗೆ ಗೊತ್ತಾಗುತ್ತಿತ್ತು.

‘ನಾನು ನೋಡಲಿಲ್ಲ ಸರ್,’ ಎಂದೆ.

ವಿಜಯಾ ನೋಟ್‌ಬುಕ್ ಮುಚ್ಚಿ ಎದ್ದಳು. ಬೇಸಿಗೆಗೆ ನಾನು ಹೋದೆ. ಅಲ್ಲಿಂದ ಪಿಎಚ್‌ಡಿ, ಆಮೇಲೆ ಕೆಲಸ, ಈಗ ಯಲಹಂಕದಲ್ಲೇ ಇನ್ನೊಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ವಿದ್ಯಾರ್ಥಿಗಳ ಸಂಶೋಧನೆಯ ಹೊಣೆಯೂ ನನ್ನದೇ. ಅವಳು ಬಿ.ಎಡ್. ಮಾಡಿದಳು ಎಂದು ಕೇಳಿದ್ದೆ. ಎಲ್ಲಿ ಎಂದು ವಿಚಾರಿಸಲಿಲ್ಲ. ವಿಚಾರಿಸದೇ ಇರುವುದಕ್ಕೂ ಶ್ರಮ ಬೇಕು. ಆ ಶ್ರಮವನ್ನು ಹದಿನಾರು ವರ್ಷ ಪಟ್ಟೆ.

ಈ ವರ್ಷ ಜೂನ್‌ನಲ್ಲಿ ಎಂಎಸ್ಸಿಗೆ ಸೇರಿದ ಚೈತ್ರಾ ಎಂಬ ಹುಡುಗಿ ಸೆಮಿನಾರಿನಲ್ಲಿ ಮೊದಲ ಸಲ ಮಾತಾಡಲು ನಿಂತಳು. ಎಡ ಮೇಲ್ಮೂಲೆಯಲ್ಲಿ ತನ್ನ ಷರತ್ತುಗಳನ್ನೆಲ್ಲ ಒಂದು ಸಾಲಿನಲ್ಲಿ ಬರೆದು ಸುತ್ತ ಚೌಕ ಎಳೆದಳು. ಬೋರ್ಡ್ ತುಂಬಿದಾಗ ನಾನೇ ಡಸ್ಟರ್ ತೆಗೆದುಕೊಂಡು ಹೋದೆ — ಹಳೆಯ ರೂಢಿಯನ್ನು ಇಲ್ಲಿಗೂ ತಂದಿದ್ದೇನೆ. ಹುಡುಗಿ ಅಡ್ಡ ನಿಂತಳು.

‘ಸರ್, ಆ ಮೂಲೆ ಬಿಟ್ಟು ಒರೆಸಿ ಸರ್.’

‘ಯಾಕಮ್ಮ?’

‘ನಮ್ಮ ಹೈಸ್ಕೂಲ್ ಮೇಡಂ ಹೇಳ್ಕೊಟ್ಟಿದ್ದು. ಮೊದಲನೇ ಸಾಲನ್ನ ಯಾರಿಗೂ ಒರೆಸೋಕೆ ಬಿಡಬಾರ್ದು. ಎಷ್ಟೇ ಫ್ರೆಂಡ್ ಆಗಿದ್ರೂ.’

ಹುಡುಗರು ನಕ್ಕರು. ನಾನು ಡಸ್ಟರ್ ಕೆಳಗಿಟ್ಟೆ. ಮೇಡಂ ಹೆಸರು ಕೇಳಬೇಕಾಗಿರಲಿಲ್ಲ, ಆದರೂ ಕೇಳಿದೆ. ವಿಜಯಾ ಮೇಡಂ, ಚಿಕ್ಕಜಾಲದ ಶಾಲೆ ಎಂದಳು.

ಹೋಗಲು ಹನ್ನೊಂದು ದಿನ ತೆಗೆದುಕೊಂಡೆ. ಹನ್ನೆರಡನೆಯ ದಿನ ಶಾಲೆ ಬಿಡುವ ಹೊತ್ತಿಗೆ, ಆ ನೋಟ್‌ಬುಕ್ಕನ್ನು ತೆಗೆದುಕೊಂಡು ಹೋದೆ. ಎಂಟನೇ ತರಗತಿಯ ಖಾಲಿ ಕೋಣೆಯಲ್ಲಿ ವಿಜಯಾ ಉತ್ತರಪತ್ರಿಕೆ ತಿದ್ದುತ್ತಿದ್ದಳು. ನನ್ನನ್ನು ನೋಡಿ ‘ಬನ್ನಿ’ ಎಂದಳು. ನಾಗ ಎನ್ನಲಿಲ್ಲ. ಪುಟ ತೆರೆದು ಅವಳ ಮುಂದಿಟ್ಟೆ. ನೀಲಿ ಶಾಯಿ ಸ್ವಲ್ಪ ಮಾಸಿತ್ತು, ಸಾಲು ಇತ್ತು, ತಾರೀಖು ಇತ್ತು. ಅವಳು ತುಂಬ ಹೊತ್ತು ಓದಿದಳು — ಒಂದೇ ಸಾಲು.

‘ಇದು ನಂಗೆ ಗೊತ್ತಿತ್ತು,’ ಎಂದಳು. ‘ನೀವು ಬರ್ಕೊಳ್ತಿದ್ದದ್ದು ನಂಗೆ ಕಾಣ್ತಿತ್ತು. ಎರಡು ವರ್ಷ ನಿದ್ದೆಗೆಡಿಸಿದ್ದು ಗಣಿತ ಅಲ್ಲ, ಅದು.’

ಕ್ಷಮಿಸು ಎಂದೆ. ಅಷ್ಟು ಚಿಕ್ಕ ಮಾತಿಗೆ ಅಷ್ಟು ದೂರ ಬಂದೆನಲ್ಲ ಎನ್ನಿಸಿತು.

‘ಹೋಗ್ಲಿ ಬಿಡಿ ಅಂತ ನಾನು ಅನ್ನಲ್ಲ. ಹೋಗಿಲ್ಲ ಅದು.’ ಕೆಂಪು ಪೆನ್ನಿನ ಮುಚ್ಚಳ ಹಾಕಿದಳು. ‘ಬರೆದು ಕೊಡಿ. ಎಲ್ಲಿ ನಿಂತಿದ್ರಿ, ಎಷ್ಟು ಹೊತ್ತಿಗೆ, ಏನು ನೋಡಿದ್ರಿ, ಬೇರೆ ಯಾರು ನೋಡಿದ್ರು. ಗಣಿತ ಬರೆದ ಹಾಗೆ. ಅಲಂಕಾರ ಬೇಡ. ಮತ್ತೆ — ಪೆನ್ನಲ್ಲಿ.’

ಆಮೇಲೆ, ನಾನು ಎದ್ದು ಬಾಗಿಲಿನವರೆಗೆ ಬಂದಾಗ, ಬೀರುವಿನಿಂದ ದಪ್ಪನೆಯ ಪುಸ್ತಕವೊಂದನ್ನು ತೆಗೆದಳು. ಪೆನ್ಸಿಲ್ ಬರಹ, ಪುಟ ಪುಟ. ಶಾಲೆ ಬಿಟ್ಟ ಮೇಲೆ ದಿನಕ್ಕೆ ಅರ್ಧ ಗಂಟೆಯಂತೆ ಅವಳು ಆ ಪ್ರಮೇಯವನ್ನು ಬಿಟ್ಟೇ ಇರಲಿಲ್ಲ. ಆಗ ಚೌಕದ ಷರತ್ತಿನ ಜೊತೆಗೆ ಅವಳಿಗೆ ಬೇಕಾಗಿದ್ದ ಇನ್ನೊಂದು ಷರತ್ತು, ಬಲು ಬಿಗಿಯಾದದ್ದು, ಈಗ ಬೇಡವಾಗಿದೆ. ಅದಿಲ್ಲದೆಯೂ ಸಾಧಿಸಿದ್ದಾಳೆ. ನಾನು ನಿಂತೇ ಓದಿದೆ. ತಪ್ಪು ಹುಡುಕಿದೆ — ಅಭ್ಯಾಸ. ಸಿಗಲಿಲ್ಲ.

‘ಹೆಬ್ಬಾಳ ಎಲ್ಲಾದ್ರೂ ಅಡ್ಡ ಬಂತೇನೋ?’ ಎಂದಳು. ಅವಳು ನಕ್ಕದ್ದನ್ನು ಹದಿನಾರು ವರ್ಷದ ಮೇಲೆ ನೋಡಿದೆ. ಅದನ್ನು ಕ್ಷಮೆ ಎಂದು ನಾನು ಲೆಕ್ಕ ಹಾಕಿಲ್ಲ.

ಬೇರೆ ಯಾರು ನೋಡಿದ್ದರು? ಮೊದಲು ಆರ್.ಟಿ. ನಗರಕ್ಕೆ ಹೋದೆ. ನಿವೃತ್ತರಾದ ಗೋಪಾಲಕೃಷ್ಣ ಸರ್ ಎಲ್ಲವನ್ನೂ ಕೇಳಿ ಕನ್ನಡಕ ತೆಗೆದಿಟ್ಟರು. ‘ನಾನು ನೋಡಲಿಲ್ಲ ಅನ್ನೋ ಹಕ್ಕು ಇದ್ದದ್ದು ನನಗೆ ಕಣೋ, ನಾನು ಕಿಟಕಿ ಹತ್ರ ಇದ್ದೆ. ನಿನಗಿರಲಿಲ್ಲ,’ ಎಂದರು.

ಆಮೇಲೆ ರಾಜಾನುಕುಂಟೆಗೆ. ಆಗ ನಮ್ಮ ವಿಭಾಗದ ಅಟೆಂಡರ್ ಆಗಿದ್ದ ಮುನಿಯಪ್ಪ ಈಗ ಮಗಳ ಅಂಗಡಿಯಲ್ಲಿ ಕೂರುತ್ತಾರೆ. ಆ ದಿನ ಟೀ ತಂದಿದ್ದರು ಎಂಬುದಷ್ಟೇ ನನಗೆ ನೆನಪಿತ್ತು.

‘ಅಯ್ಯೋ, ಗ್ಯಾಪ್ಕ ಇಲ್ದೆ ಏನ್ ಸಾ,’ ಎಂದರು. ‘ಇಮಾನ ಬಂತು, ಎಲ್ರೂ ಕಿಟ್ಕಿ ತಾವ ಓಡೋದ್ರು. ಆಯಮ್ಮ ಒಬ್ಳೇ ಮೂಲೇಲಿ ಏನೋ ಬರ್ದು ಸುತ್ತ ಡಬ್ಬಿ ಎಳುದ್ಲು. ನೀವು ಕುಂತ್ಕಂಡು ಬರ್ಕಂತಿದ್ರಿ. ನಂಗೆ ಇಂಗ್ಲೀಸು ಓದಕ್ ಬರಾಕಿಲ್ಲ, ಡಬ್ಬಿ ಮಾತ್ರ ಚೆಂದಾಗಿ ನೆಪ್ಪೈತೆ. ಆಮ್ಯಾಕೆ ನೀವೇ ಒರೆಸಿದ್ರಿ.’

‘ಆಗ್ಲೇ ಯಾಕೆ ಹೇಳ್ಲಿಲ್ಲ ಮುನಿಯಪ್ಪ?’

‘ಯಾರೂ ಕೇಳ್ನಿಲ್ವಲ್ಲ ಸಾ. ಕೇಳಿದ್ರೆ ಯೋಳ್ತಿದ್ದೆ.’

ನನ್ನನ್ನು ಕೇಳಿದ್ದರು.

ಬರುವ ಶನಿವಾರ ಮಧ್ಯಾಹ್ನ ಮೂರಕ್ಕೆ ನಮ್ಮ ಕಾಲೇಜಿನ ಸೆಮಿನಾರಿನಲ್ಲಿ ವಿಜಯಾ ತನ್ನ ಪ್ರಮೇಯವನ್ನು ಮಂಡಿಸುತ್ತಾಳೆ. ನಾನು ಕರೆದಿದ್ದಕ್ಕೆ, ಶಾಲೆಯಿಂದ ನೇರ ಬರುತ್ತೇನೆ, ಕಾಯಿಸಬೇಡಿ ಎಂದಿದ್ದಾಳೆ. ಬೋರ್ಡ್ ಒರೆಸಲು ಅವಳು ಚೈತ್ರಾಳನ್ನು ಕೇಳಿದ್ದಾಳೆ, ನನ್ನನ್ನಲ್ಲ. ಅದು ಸರಿಯಾಗಿಯೇ ಇದೆ. ಅವಳು ಶುರುಮಾಡುವ ಮೊದಲು ನಾನು ಈ ಹಾಳೆಗಳನ್ನು ವಿದ್ಯಾರ್ಥಿಗಳ ಮುಂದೆ ಓದುತ್ತೇನೆ. ಓದಿದ ಮೇಲೆ ನನ್ನ ನೋಟ್‌ಬುಕ್ಕಿನ ಆ ಪುಟದೊಂದಿಗೆ ಅವಳ ಕೈಗೆ ಕೊಡುತ್ತೇನೆ. ಪೆನ್ನಿನಲ್ಲಿ ಬರೆದಿದ್ದೇನೆ. ಎರಡು ಕಡೆ ಹೊಡೆದುಹಾಕಿದ್ದೇನೆ; ಹೊಡೆದದ್ದು ಕಾಣುವಂತೆ ಬಿಟ್ಟಿದ್ದೇನೆ.

ಆ ಶನಿವಾರ ಎಡಮೂಲೆಯ ಆ ಸಾಲನ್ನು ಕಂಡವರು ಮೂವರು. ಬರೆದ ವಿಜಯಾ, ಚಿಕ್ಕಜಾಲದಲ್ಲಿದ್ದಾಳೆ. ಬಾಗಿಲಲ್ಲಿ ಟೀ ಹಿಡಿದು ನಿಂತಿದ್ದ ಮುನಿಯಪ್ಪ, ರಾಜಾನುಕುಂಟೆಯಲ್ಲಿದ್ದಾರೆ. ಒರೆಸಿದ ನಾನು, ನಾಗರಾಜ, ಯಲಹಂಕದಲ್ಲಿದ್ದೇನೆ. ಮೂವರೂ ಬದುಕಿದ್ದೇವೆ. ಯಾರನ್ನು ಬೇಕಾದರೂ ಕೇಳಬಹುದು.